ತುದಿ ಚಿವುಟಿದರೆ ಕೊಂಬೆ ಎರಡು: ನಿಜ. ‘ಮನೆಯಲ್ಲಿ ಒಂದೇ ಒಂದು ಗಾಂಜಾ ಗಿಡ ಇದ್ದರೆ ಕೇಸ್ ಇಲ್ಲ’: ಸುಳ್ಳು

ಒಂದು ನಿಮಿಷದ ವಿಡಿಯೊ. ಕುಂಡದಲ್ಲಿ ಗೇಣುದ್ದದ ಎಳೆಯ ಗಿಡ. ಕೈಗವಸು ತೊಟ್ಟ ಕೈಯೊಂದು ಕತ್ತರಿಯಿಂದ ಅದರ ತುದಿಯನ್ನು ಕತ್ತರಿಸುತ್ತದೆ. ಮುಂದಿನ ದೃಶ್ಯದಲ್ಲಿ ಅದೇ ಜಾಗದಿಂದ ಎರಡು ಕೊಂಬೆ ಬಂದಿವೆ. ಅದರ ಮುಂದಿನ ದೃಶ್ಯದಲ್ಲಿ ಕೊಂಬೆಗಳನ್ನು ಬಗ್ಗಿಸಿ ದಾರದಿಂದ ಕಟ್ಟಲಾಗಿದೆ, ಗಿಡ ಕೊಡೆಯ ಹಾಗೆ ಅಗಲವಾಗಿದೆ. ವಿಡಿಯೊದಲ್ಲಿ ಮಾತು ಇಂಗ್ಲಿಷಿನದು, ಕೆಳಗಿನ ಸಾಲು ಮಾತ್ರ ಕನ್ನಡದ್ದು: ‘ಗಾಂಜಾ ಗಿಡದ ತುದಿ ಕಟ್ ಮಾಡಿದರೆ ಡಬಲ್ ಇಳುವರಿ, ಡಬಲ್ ಪವರ್. ಸ್ವಂತಕ್ಕೆ ಒಂದು ಗಿಡ ಇದ್ದರೆ ಕೇಸ್ ಆಗಲ್ಲ.’

ಈ ಬಗೆಯ ಫಾರ್ವರ್ಡ್ ನಿಮ್ಮ ಕಾಲೇಜಿನ ಗುಂಪಿಗೋ ಟೆರೇಸ್ ತೋಟದ ಗುಂಪಿಗೋ ಬಂದಿರಬಹುದು. ಇದರಲ್ಲಿ ಮೂರು ಹೇಳಿಕೆಗಳಿವೆ. ತುದಿ ಚಿವುಟಿದರೆ ಕೊಂಬೆ ಹೆಚ್ಚುತ್ತದೆ ಎಂಬುದು ಒಂದು. ಇಳುವರಿಯೂ ಅಮಲೂ ಎರಡು ಪಟ್ಟಾಗುತ್ತವೆ ಎಂಬುದು ಇನ್ನೊಂದು. ಒಂದು ಗಿಡ ಇದ್ದರೆ ತಪ್ಪಲ್ಲ ಎಂಬುದು ಮೂರನೆಯದು. ನಾವು ಮೂರನ್ನೂ ಬಿಡಿಬಿಡಿಯಾಗಿ ನೋಡಿದೆವು. ಮೊದಲನೆಯದು ನಿಜ. ಎರಡನೆಯದರಲ್ಲಿ ಸ್ವಲ್ಪ ನಿಜ, ಬಹಳಷ್ಟು ಉತ್ಪ್ರೇಕ್ಷೆ. ಮೂರನೆಯದು ಪೂರ್ತಿ ಸುಳ್ಳು, ಮತ್ತು ಅದನ್ನು ನಂಬಿದವರು ಜೈಲಿಗೆ ಹೋಗುವಷ್ಟು ಅಪಾಯಕಾರಿ.

ತುದಿ ಚಿವುಟಿದಾಗ ಗಿಡದೊಳಗೆ ಏನಾಗುತ್ತದೆ?

ಮನೆಯ ತುಳಸಿ ಗಿಡವನ್ನು ಹತ್ತಿರದಿಂದ ನೋಡಿ. ಕಾಂಡದ ತುದಿಯಲ್ಲಿ ಒಂದು ಕುಡಿ ಇರುತ್ತದೆ. ಕೆಳಗೆ ಪ್ರತಿ ಎಲೆಯೂ ಕಾಂಡಕ್ಕೆ ಸೇರುವ ಜಾಗದಲ್ಲಿ, ಅಂದರೆ ಎಲೆಯ ಕಂಕುಳಲ್ಲಿ, ಸಣ್ಣದೊಂದು ಮೊಗ್ಗು ಇರುತ್ತದೆ. ಇದು ಹೂವಿನ ಮೊಗ್ಗಲ್ಲ, ಮುಂದೆ ಕೊಂಬೆಯಾಗಬಹುದಾದ ಮೊಗ್ಗು. ತುದಿಯ ಕುಡಿ ಚೆನ್ನಾಗಿ ಬೆಳೆಯುತ್ತಿರುವಾಗ ಕೆಳಗಿನ ಈ ಮೊಗ್ಗುಗಳು ಮಲಗಿಯೇ ಇರುತ್ತವೆ. ಗಿಡ ತನ್ನ ಶಕ್ತಿಯನ್ನು ಮೇಲಕ್ಕೇರಲು ಬಳಸುತ್ತದೆ. ಸುತ್ತಲಿನ ಗಿಡಗಳ ನೆರಳಿನಿಂದ ಮೇಲೆ ಬಂದು ಬಿಸಿಲು ಹಿಡಿಯಲು ಇದು ಒಳ್ಳೆಯ ಉಪಾಯ. ವಿಜ್ಞಾನಿಗಳು ಇದನ್ನು ತುದಿಯ ಪ್ರಾಬಲ್ಯ ಎನ್ನುತ್ತಾರೆ.

ಆ ತುದಿಯನ್ನು ದನ ತಿಂದರೆ, ಗಾಳಿಗೆ ಮುರಿದರೆ ಅಥವಾ ನಾವೇ ಚಿವುಟಿದರೆ ಕೆಳಗಿನ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ತುಳಸಿಯಂತೆ ಎದುರುಬದುರು ಎಲೆ ಬಿಡುವ ಗಿಡದಲ್ಲಿ ಕತ್ತರಿಸಿದ ಜಾಗದ ಕೆಳಗೆ ಎರಡು ಮೊಗ್ಗು ಇರುವುದರಿಂದ ಎರಡು ಕೊಂಬೆ ಹೊರಡುತ್ತವೆ. ವಿಡಿಯೊದಲ್ಲಿ ಕಂಡದ್ದು ಇದೇ. ಅದರಲ್ಲಿ ಮಾಯವೂ ಇಲ್ಲ, ಮೋಸವೂ ಇಲ್ಲ.

ತುದಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂಬ ಹುಡುಕಾಟಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿದರು. ಬೆಳಕನ್ನು ಗ್ರಹಿಸುವುದು ಮೊಳಕೆಯ ತುದಿ, ಅಲ್ಲಿಂದ ಯಾವುದೋ ಸಂದೇಶ ಕೆಳಕ್ಕೆ ಹೋಗುತ್ತದೆ ಎಂದು 1880ರಲ್ಲಿ ಬರೆದರು. 1920ರ ದಶಕದಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಗಳಿಂದ ಆ ಸಂದೇಶವಾಹಕ ರಾಸಾಯನಿಕವನ್ನು ಹಿಡಿದು ತೋರಿಸಿದರು. ಅದೇ ಆಕ್ಸಿನ್ ಎಂಬ ಹಾರ್ಮೋನು. 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಒಂದು ಜಾತಿಯ ಅವರೆ ಗಿಡದ ತುದಿ ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಇಟ್ಟು ನೋಡಿದರು. ತುದಿ ಇಲ್ಲದಿದ್ದರೂ ಕೆಳಗಿನ ಮೊಗ್ಗುಗಳು ಏಳಲಿಲ್ಲ. ತುದಿಯ ಕೆಲಸವನ್ನು ಆಕ್ಸಿನ್ ಮಾಡಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆಕ್ಸಿನ್ ಕಾಂಡದಲ್ಲಿ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಆದರೆ ತುದಿ ಕತ್ತರಿಸಿದ ಕೆಲವೇ ಗಂಟೆಗಳಲ್ಲಿ, ಆಕ್ಸಿನ್ ಕಡಿಮೆಯಾದ ಸುದ್ದಿ ತಲುಪುವ ಮೊದಲೇ, ದೂರದ ಮೊಗ್ಗುಗಳೂ ಬೆಳೆಯತೊಡಗುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಬಟಾಣಿ ಗಿಡಗಳಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಮೊದಲ ಕರೆ ಸಕ್ಕರೆಯದು. ಬೆಳೆಯುವ ತುದಿ ಎಲೆಗಳಲ್ಲಿ ತಯಾರಾದ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುತ್ತಿರುತ್ತದೆ. ತುದಿ ಹೋದ ಕೂಡಲೇ ಆ ಸಕ್ಕರೆ ಕೆಳಗಿನ ಮೊಗ್ಗುಗಳಿಗೆ ಸಿಗುತ್ತದೆ. ಹಿರಿಯಣ್ಣ ಎದ್ದುಹೋದ ಮೇಲೆ ತಟ್ಟೆ ಕಿರಿಯರತ್ತ ಸರಿದ ಹಾಗೆ.

ನಮ್ಮ ರೈತರಿಗೆ ಇದು ಹೊಸತಲ್ಲ

ವಿಡಿಯೊ ಇದನ್ನು ಗುಟ್ಟು ಎಂಬಂತೆ ಹೇಳುತ್ತದೆ. ಆದರೆ ಕಲಬುರಗಿಯ ಯಾವ ತೊಗರಿ ಬೆಳೆಗಾರರನ್ನು ಕೇಳಿದರೂ ಕುಡಿ ಚಿವುಟುವ ವಿಷಯ ಹೇಳುತ್ತಾರೆ. ಬಿತ್ತಿದ ಒಂದೂವರೆ ಎರಡು ತಿಂಗಳ ಒಳಗೆ ತೊಗರಿಯ ಮೇಲಿನ ಎರಡು ಅಂಗುಲದಷ್ಟು ಕುಡಿ ತೆಗೆದರೆ ಪಕ್ಕದ ಕೊಂಬೆ ಹೆಚ್ಚಿ, ಹೂವು ಕಾಯಿ ಹಿಡಿಯುವ ಜಾಗವೂ ಹೆಚ್ಚುತ್ತದೆ. ಕೂಲಿಯಾಳು ಸಿಗದ ಕಡೆ ಬ್ಯಾಟರಿಯಿಂದ ನಡೆಯುವ ಕುಡಿ ಚಿವುಟುವ ಯಂತ್ರಗಳೂ ಬಂದಿವೆ. ಕಡಲೆಯದೂ ಇದೇ ಕಥೆ. ಅಲ್ಲಿ ಚಿವುಟಿದ ಕುಡಿ ವ್ಯರ್ಥವಾಗುವುದೂ ಇಲ್ಲ, ಹುಳಿ ಹುಳಿ ಕಡಲೆ ಸೊಪ್ಪಿನ ಪಲ್ಯವಾಗಿ ಊಟದ ತಟ್ಟೆಗೆ ಬರುತ್ತದೆ.

ನುಗ್ಗೆ ಸಸಿ ಎರಡೂವರೆ ಅಡಿ ಬೆಳೆದಾಗ ತುದಿ ಚಿವುಟುತ್ತಾರೆ, ಇಲ್ಲದಿದ್ದರೆ ಅದು ಕಂಬದಂತೆ ಮೇಲೇರಿ ಕಾಯಿ ಕೈಗೆಟುಕುವುದಿಲ್ಲ. ಕೊಡಗು ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಗಿಡವನ್ನು ಎತ್ತರವಾಗಲು ಬಿಡದೆ ತುದಿ ತೆಗೆಯುವುದಕ್ಕೆ ‘ಟಾಪಿಂಗ್’ ಎಂದೇ ಹೆಸರು. ಆಮೇಲೆ ಕಂಬದಿಂದ ಏಳುವ ಬೇಡದ ಚಿಗುರನ್ನು ತೆಗೆಯುವ ಕೆಲಸವೂ ವರ್ಷ ವರ್ಷ ಇದ್ದೇ ಇರುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಚಾಟ್ನಿ ಮಾಡುತ್ತಾರೆ.

ಬಗ್ಗಿಸಿ ಕಟ್ಟುವುದರ ಹಿಂದೆಯೂ ಇದೇ ತತ್ವವಿದೆ. ನೆಟ್ಟಗಿರುವ ಕಾಂಡವನ್ನು ಅಡ್ಡಕ್ಕೆ ಬಾಗಿಸಿದರೆ ತುದಿಯ ಅಧಿಕಾರ ಸಡಿಲವಾಗುತ್ತದೆ. ಕಾಂಡದ ಉದ್ದಕ್ಕೂ ಇರುವ ಮೊಗ್ಗುಗಳಿಗೆ ಬೆಳಕೂ ಸಿಗುತ್ತದೆ. ದ್ರಾಕ್ಷಿ ಬಳ್ಳಿಯನ್ನು ಚಪ್ಪರದ ತಂತಿಯ ಮೇಲೆ ಹಬ್ಬಿಸುವಾಗ ಆಗುವುದು ಇದೇ.

ಹಾಗಾದರೆ ಇಳುವರಿ ‘ಡಬಲ್’ ಆಗುತ್ತದೆಯೇ?

ಇಲ್ಲ. ಕೊಂಬೆ ಎರಡಾದ ಮಾತ್ರಕ್ಕೆ ಬೆಳೆ ಎರಡು ಪಟ್ಟಾಗುವುದಿಲ್ಲ. ಗಿಡದ ಆಹಾರ ತಯಾರಾಗುವುದು ಎಲೆಯ ಮೇಲೆ ಬೀಳುವ ಬೆಳಕಿನಿಂದ. ಚಿವುಟುವುದರಿಂದ ಹೊಸ ಬೆಳಕೇನೂ ಸೃಷ್ಟಿಯಾಗುವುದಿಲ್ಲ. ಇರುವ ಬೆಳಕು, ನೀರು, ಗೊಬ್ಬರವನ್ನು ಒಂದು ತುದಿಯ ಬದಲು ಹಲವು ತುದಿಗಳು ಹಂಚಿಕೊಳ್ಳುತ್ತವೆ, ಅಷ್ಟೆ. ಗಿಡ ಅಗಲವಾಗಿ ಮೊದಲು ವ್ಯರ್ಥವಾಗುತ್ತಿದ್ದ ಬೆಳಕನ್ನೂ ಹಿಡಿದರೆ ಸ್ವಲ್ಪ ಲಾಭವಿದೆ. ಗಾಯ ಮಾಯಲು ಗಿಡ ಕೆಲವು ದಿನ ಬೆಳವಣಿಗೆ ನಿಧಾನಿಸುತ್ತದೆ, ಅದು ಖರ್ಚು. ಹೂ ಬಿಡುವ ಹೊತ್ತಿಗೆ ತಡವಾಗಿ ಚಿವುಟಿದರೆ ನಷ್ಟವೇ ಹೆಚ್ಚು. ಬಡಕಲು ಗಿಡವನ್ನು ಚಿವುಟಿದರೆ ಅದು ಇನ್ನೂ ಸೊರಗುತ್ತದೆ.

ಈ ಉಪಾಯ ಎಲ್ಲ ಗಿಡಕ್ಕೂ ಅಲ್ಲ. ತೆಂಗು ಮತ್ತು ಅಡಿಕೆಗೆ ಬೆಳೆಯುವ ಸುಳಿ ಒಂದೇ. ಸುಳಿ ಕೊಳೆತ ತೆಂಗಿನ ಮರ ಉಳಿಯುವುದಿಲ್ಲ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಸುಳಿ ಕತ್ತರಿಸಿದರೂ ಅದೇ ಗತಿ. ಒಂದೇ ದೊಡ್ಡ ಹೂ ಬಿಡುವ ಸೂರ್ಯಕಾಂತಿಯ ತುದಿ ತೆಗೆದರೆ ಆ ದೊಡ್ಡ ಹೂವೇ ಹೋಯಿತು. ‘ಯಾವ ಗಿಡವಾದರೂ ಸರಿ, ತುದಿ ಕತ್ತರಿಸಿ’ ಎನ್ನುವ ಫಾರ್ವರ್ಡ್ ಬಂದರೆ ಈ ಮೂರು ಹೆಸರು ನೆನಪಿರಲಿ.

‘ಡಬಲ್ ಪವರ್’ ಎಂಬ ಮಾತಿಗೂ ಆಧಾರವಿಲ್ಲ. ಗಾಂಜಾದ ಅಮಲಿಗೆ ಮುಖ್ಯ ಕಾರಣ ಟಿಎಚ್‌ಸಿ ಎಂಬ ರಾಸಾಯನಿಕ. ಒಂದು ಗಿಡದಲ್ಲಿ ಅದು ಎಷ್ಟಿರಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಳಿ. ಇಸ್ರೇಲ್‌ನ ಸಂಶೋಧಕರು ಔಷಧಕ್ಕಾಗಿ ಬೆಳೆಸುವ ಗಿಡಗಳ ಆಕಾರ ಬದಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ನೋಡಿದ್ದು ಗಿಡದ ಮೇಲಿನ ಮತ್ತು ಕೆಳಗಿನ ಹೂಗಳ ರಾಸಾಯನಿಕ ಅಂಶ ಎಷ್ಟು ಸಮನಾಗಿರುತ್ತದೆ ಎಂಬುದನ್ನು. ಔಷಧ ತಯಾರಿಸುವವರಿಗೆ ಈ ಸಮಾನತೆ ಮುಖ್ಯ. ಅದಕ್ಕೂ ‘ಪವರ್ ಎರಡು ಪಟ್ಟು’ ಎನ್ನುವುದಕ್ಕೂ ಸಂಬಂಧವಿಲ್ಲ.

ಆ ವಿಡಿಯೊ ಯಾವ ದೇಶದ ಮಾತು?

ಇಲ್ಲಿಂದ ವಿಷಯ ಗಂಭೀರವಾಗುತ್ತದೆ. ಮನೆಯಲ್ಲಿ ಗಾಂಜಾ ಗಿಡ ಬೆಳೆಸಿ ತುದಿ ಕತ್ತರಿಸುವ ಪಾಠಗಳು ಹೆಚ್ಚಾಗಿ ಬರುವುದು ಅದಕ್ಕೆ ಕಾನೂನಿನ ಅನುಮತಿ ಇರುವ ಕಡೆಗಳಿಂದ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಜಾರಿಯಾದ ಕಾನೂನು ಒಂದು ಮನೆಗೆ ನಾಲ್ಕು ಗಿಡಗಳವರೆಗೆ ಬಿಡುತ್ತದೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರು ಮೂರು ಗಿಡ ಬೆಳೆಸಬಹುದು. ಅಮೆರಿಕದ ಕೆಲವು ರಾಜ್ಯಗಳಲ್ಲೂ ಹೀಗೆ ಮಿತಿಗಳಿವೆ.

ಗಮನಿಸಿ, ಅಲ್ಲಿನ ಕಾನೂನು ಲೆಕ್ಕ ಹಾಕುವುದು ಗಿಡಗಳನ್ನು, ಕೊಂಬೆಗಳನ್ನಲ್ಲ. ಮೂರೋ ನಾಲ್ಕೋ ಗಿಡ ಮಾತ್ರ ಇಡಬಹುದು ಎಂದಾಗ ಒಂದೊಂದು ಗಿಡವನ್ನೂ ಅಗಲವಾಗಿಸುವ ಆಸೆ ಸಹಜ. ಜೊತೆಗೆ ಚಳಿಯ ದೇಶಗಳಲ್ಲಿ ಹಲವರು ಕೋಣೆಯೊಳಗೆ ದೀಪದ ಕೆಳಗೆ ಬೆಳೆಸುತ್ತಾರೆ. ದೀಪದಿಂದ ದೂರ ಹೋದಷ್ಟೂ ಬೆಳಕು ಕಡಿಮೆ, ಮೇಲೆ ಚಾವಣಿ ಅಡ್ಡ. ಆದ್ದರಿಂದ ಗಿಡವನ್ನು ಗಿಡ್ಡವಾಗಿ, ಸಮತಟ್ಟಾಗಿ ಇಡಲು ಚಿವುಟಿ, ಬಗ್ಗಿಸಿ ಕಟ್ಟುತ್ತಾರೆ. ಅಂದರೆ ಆ ವಿಡಿಯೊದ ಕತ್ತರಿ ಮತ್ತು ದಾರದ ಹಿಂದೆ ಆ ದೇಶದ ಕಾನೂನೂ ಇದೆ, ಆ ಕೋಣೆಯ ಚಾವಣಿಯೂ ಇದೆ. ವಿಡಿಯೊ ಗಡಿ ದಾಟಿ ನಿಮ್ಮ ಫೋನಿಗೆ ಬರುತ್ತದೆ, ಕಾನೂನು ಬರುವುದಿಲ್ಲ.

ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಒಂದು ಮಾತು. ಕೆನಡಾದೊಳಗೇ ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಸುವುದನ್ನು ನಿಷೇಧಿಸಿದೆ, ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಆ ನಿಷೇಧವನ್ನು ಎತ್ತಿಹಿಡಿದಿದೆ. ಗಾಂಜಾ ಹಿಡಿದು ಕೆನಡಾದ ಗಡಿ ದಾಟುವುದು ಅಲ್ಲಿನ ಕಾನೂನಿನಲ್ಲೇ ಅಪರಾಧ. ಊರಿಗೆ ಬರುವಾಗ ಸ್ನೇಹಿತರಿಗೆಂದು ಏನನ್ನೂ ತರಬೇಡಿ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಜಾರಿಯಲ್ಲಿದೆ. ಅದರ 8ನೇ ಸೆಕ್ಷನ್ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದನ್ನು ನಿಷೇಧಿಸುತ್ತದೆ. 20ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ: ಬೆಳೆಸಿದರೆ 10 ವರ್ಷದವರೆಗೆ ಕಠಿಣ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಈ ನಿಷೇಧದಲ್ಲಿ ‘ಇಷ್ಟು ಗಿಡದವರೆಗೆ ಪರವಾಗಿಲ್ಲ’ ಎಂಬ ಮಾತು ಎಲ್ಲೂ ಇಲ್ಲ. ಸ್ವಂತಕ್ಕೆ, ಮಾರಾಟಕ್ಕೆ ಎಂಬ ವಿನಾಯಿತಿಯ ಗೆರೆಯೂ ಇಲ್ಲ.

ಫಾರ್ವರ್ಡ್‌ಗಳಲ್ಲಿ ಮತ್ತೆ ಮತ್ತೆ ಬರುವ ಸಮರ್ಥನೆಗಳನ್ನು ಒಂದೊಂದಾಗಿ ನೋಡೋಣ.

*‘ಒಂದು ಕೆಜಿಗಿಂತ ಕಡಿಮೆ ಇದ್ದರೆ ತಪ್ಪಲ್ಲ.’* ತಪ್ಪು ತಿಳಿವಳಿಕೆ. ಒಂದು ಕೆಜಿವರೆಗಿನ ಗಾಂಜಾವನ್ನು ಕಾನೂನು ‘ಸಣ್ಣ ಪ್ರಮಾಣ’ ಎನ್ನುತ್ತದೆ ನಿಜ. ಆದರೆ ಅದಕ್ಕೂ ಒಂದು ವರ್ಷದವರೆಗೆ ಜೈಲು, 10 ಸಾವಿರ ರೂಪಾಯಿವರೆಗೆ ದಂಡ ಇದೆ. ಮುಖ್ಯವಾಗಿ, ಈ ತೂಕದ ಲೆಕ್ಕ ಗಾಂಜಾ ಇಟ್ಟುಕೊಳ್ಳುವ, ಸಾಗಿಸುವ, ಮಾರುವಂಥ ಅಪರಾಧಗಳದು. ಗಿಡ ಬೆಳೆಸುವುದು ಅದೇ ಸೆಕ್ಷನ್‌ನ ಬೇರೆ ಭಾಗದಲ್ಲಿದೆ, ಅಲ್ಲಿ ತೂಕದ ಮಾತಿಲ್ಲ.

*‘ಭಂಗಿ ಕಾನೂನುಬದ್ಧ, ಹಾಗಾಗಿ ಗಿಡವೂ ಕಾನೂನುಬದ್ಧ.’* ಇದು ಅರ್ಧ ಓದಿದ ಕಾನೂನು. ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಆ ತುದಿಗಳಿಲ್ಲದ ಬರೀ ಎಲೆ ಮತ್ತು ಬೀಜವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಭಂಗಿಯ ಬಗ್ಗೆ ಹೇಳಿದ ಮಾತಿಗೂ ಇದೇ ಹಿನ್ನೆಲೆ. ಭಂಗಿಗೆ ರಾಜ್ಯಗಳ ಅಬಕಾರಿ ನಿಯಮಗಳು ಬೇರೆ ಇವೆ. ಆದರೆ ‘ಗಾಂಜಾ ಗಿಡ’ ಎಂಬುದಕ್ಕೆ ಕಾಯ್ದೆ ಬೇರೆಯದೇ ವ್ಯಾಖ್ಯೆ ಕೊಟ್ಟಿದೆ: ಕ್ಯಾನಬಿಸ್ ಕುಲದ ಯಾವುದೇ ಗಿಡ. ಹೂ ಬಿಟ್ಟಿರಲಿ ಬಿಡದಿರಲಿ, ಗಂಡಿರಲಿ ಹೆಣ್ಣಿರಲಿ, ಗೇಣುದ್ದ ಇರಲಿ ಆಳೆತ್ತರ ಇರಲಿ.

*‘ಉತ್ತರಾಖಂಡದಲ್ಲಿ ರೈತರೇ ಬೆಳೆಯುತ್ತಾರೆ.’* ನಿಜ, ಆದರೆ ಪರವಾನಗಿ ಪಡೆದು. ನಾರು ಮತ್ತು ಬೀಜದ ಕೈಗಾರಿಕೆಗಾಗಿ ಟಿಎಚ್‌ಸಿ ಶೇ 0.3 ಮೀರದ ತಳಿಗಳಿಗೆ ಆ ರಾಜ್ಯ 2018ರಿಂದ ಅನುಮತಿ ಕೊಡುತ್ತಿದೆ. ಮನೆಯ ಬಾಲ್ಕನಿಯ ಕುಂಡಕ್ಕೆ ಅದು ಅನ್ವಯಿಸುವುದಿಲ್ಲ.

*‘ಅಂಗಡಿಯಲ್ಲೇ ಹೆಂಪ್ ಬೀಜ ಸಿಗುತ್ತದೆ.’* ಆಹಾರವಾಗಿ ಬಳಸುವ ಹೆಂಪ್ ಬೀಜ ಮತ್ತು ಎಣ್ಣೆಗೆ 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ರೂಪಿಸಿದೆ. ತಿನ್ನಲು ಸಿಕ್ಕ ಅನುಮತಿ ಬಿತ್ತಲು ಸಿಕ್ಕ ಅನುಮತಿಯಲ್ಲ.

*‘ಗಿಡ ನನ್ನದಲ್ಲ, ರೂಮ್‌ಮೇಟ್‌ದು.’* ಗೊತ್ತಿದ್ದೂ ತಮ್ಮ ಮನೆಯನ್ನೋ ಜಾಗವನ್ನೋ ಇದಕ್ಕೆ ಬಳಸಲು ಬಿಟ್ಟವರಿಗೂ ಕಾಯ್ದೆಯಲ್ಲಿ ಶಿಕ್ಷೆ ಇದೆ. ಅಷ್ಟೇ ಅಲ್ಲ, ಇಲ್ಲಿ ಆರೋಪಿಗೆ ಅಪರಾಧದ ಅರಿವಿತ್ತು ಎಂದೇ ಕೋರ್ಟ್ ಮೊದಲು ಭಾವಿಸುತ್ತದೆ. ಇರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯದು. ‘ಫಾರ್ವರ್ಡ್ ನೋಡಿ ತಪ್ಪಲ್ಲ ಅಂದುಕೊಂಡಿದ್ದೆ’ ಎಂಬುದಂತೂ ರಕ್ಷಣೆಯಾಗುವುದಿಲ್ಲ, ಏಕೆಂದರೆ ಕಾನೂನು ಗೊತ್ತಿರಲಿಲ್ಲ ಎಂಬ ನೆಪವನ್ನು ಯಾವ ಕೋರ್ಟೂ ಒಪ್ಪುವುದಿಲ್ಲ.

ಈ ಕಾನೂನು ಸರಿಯೇ, ಬದಲಾಗಬೇಕೇ ಎಂಬುದು ಬೇರೆ ಚರ್ಚೆ, ಅದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಕಾನೂನು ಈಗಾಗಲೇ ಬದಲಾಗಿದೆ ಎಂಬಂತೆ ಹೇಳುವುದು ಚರ್ಚೆಯಲ್ಲ. ಅದನ್ನು ನಂಬಿ ಕುಂಡದಲ್ಲಿ ಬೀಜ ಹಾಕುವ ಇಪ್ಪತ್ತರ ಹುಡುಗನಿಗೆ ಒಂದು ಕೇಸ್ ಎಂದರೆ ಪಾಸ್‌ಪೋರ್ಟ್, ಕೆಲಸ, ಓದು ಎಲ್ಲದಕ್ಕೂ ತೊಡಕು. ಫಾರ್ವರ್ಡ್ ಕಳಿಸಿದವರು ಅವನ ಜೊತೆ ಕೋರ್ಟಿಗೆ ಬರುವುದಿಲ್ಲ.

ಹಾಗೆಂದು ಎಲೆ ನೋಡಿದ ಕೂಡಲೇ ಹೆದರಬೇಡಿ

ಬೆರಳು ಬಿಡಿಸಿದಂತಿರುವ ಎಲೆಯೆಲ್ಲ ಗಾಂಜಾ ಅಲ್ಲ. ಉತ್ತರ ಕರ್ನಾಟಕದ ಪುಂಡಿ ಗಿಡವನ್ನೇ ನೋಡಿ. ನಾರಿಗಾಗಿ ಬೆಳೆಯುವ ಪುಂಡಿಯ ಎಲೆ ಹೀಗೇ ಸೀಳಾಗಿರುತ್ತದೆ. ಅದರ ಸಸ್ಯಶಾಸ್ತ್ರೀಯ ಹೆಸರು ಹಿಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾ ಎಲೆಯನ್ನು ಹೋಲುವ ದಾಸವಾಳ. ಅದು ದಾಸವಾಳದ ಬಳಗದ್ದು, ಅಮಲಿಗೂ ಅದಕ್ಕೂ ಸಂಬಂಧವಿಲ್ಲ. ಮರಗೆಣಸಿನ ಎಲೆಯೂ ಬೆರಳು ಬಿಡಿಸಿದಂತೆಯೇ ಇರುತ್ತದೆ. ಪಕ್ಕದ ಮನೆಯವರ ಹಿತ್ತಲ ಫೋಟೊ ತೆಗೆದು ‘ಇಲ್ಲಿ ಗಾಂಜಾ ಬೆಳೆಯುತ್ತಿದ್ದಾರೆ’ ಎಂದು ಗುಂಪಿಗೆ ಹಾಕುವ ಮೊದಲು ಇದನ್ನು ಯೋಚಿಸಿ.

ಈಗ ಏನು ಮಾಡಬೇಕು?

ಫಾರ್ವರ್ಡ್ ಬಂದಿದ್ದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ‘ಗಿಡದ ವಿಷಯ ಸರಿ, ಕಾನೂನಿನ ವಿಷಯ ತಪ್ಪು’ ಎಂದು ಒಂದು ಸಾಲು ಬರೆಯಿರಿ. ಯಾರಾದರೂ ಈಗಾಗಲೇ ನಂಬಿ ನೆಟ್ಟಿದ್ದರೆ ಗುಂಪಿನಲ್ಲಿ ಸಲಹೆ ಕೇಳುವುದು, ಫೋಟೊ ಹಾಕುವುದು ಬೇಡ. ಕೂಡಲೇ ವಕೀಲರೊಬ್ಬರನ್ನು ಕಾಣಲಿ. ಮನೆಯಲ್ಲಿ ಯಾರಿಗಾದರೂ ಗಾಂಜಾ ಬಿಡಲಾಗದ ಅಭ್ಯಾಸವಾಗಿದ್ದರೆ ಬೈಯುವುದಕ್ಕಿಂತ ಸಹಾಯ ಮುಖ್ಯ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ತಾವಾಗಿಯೇ ಚಿಕಿತ್ಸೆಗೆ ಮುಂದಾಗುವ ವ್ಯಸನಿಗಳಿಗೆ ಕಾಯ್ದೆಯ 64ಎ ಸೆಕ್ಷನ್ ವಿಚಾರಣೆಯಿಂದ ರಕ್ಷಣೆಯ ದಾರಿಯನ್ನೂ ಇಟ್ಟಿದೆ.

ಇನ್ನು ವಿಡಿಯೊ ನೋಡಿ ನಿಮ್ಮ ಕೈ ಕತ್ತರಿಯತ್ತ ಹೋಗುತ್ತಿದ್ದರೆ ಅದಕ್ಕೂ ಕೆಲಸವಿದೆ. ತುಳಸಿ ಗೇಣುದ್ದ ಬೆಳೆದು ನಾಲ್ಕೈದು ಜೊತೆ ಎಲೆ ಬಿಟ್ಟಾಗ, ಬೆಳಗಿನ ಹೊತ್ತು, ಒಂದು ಜೊತೆ ಎಲೆಯ ಸ್ವಲ್ಪ ಮೇಲೆ ತುದಿಯನ್ನು ಉಗುರಿನಿಂದಲೇ ಚಿವುಟಿ. ಹತ್ತು ಹದಿನೈದು ದಿನ ಕಾಯಿರಿ. ಕೆಳಗಿನ ಕಂಕುಳಿನಿಂದ ಚಿಗುರು ಹೊರಡುವುದನ್ನು ನೀವೇ ನೋಡುತ್ತೀರಿ. ಫಾರ್ವರ್ಡ್ ಮಾಡಲೇಬೇಕಿದ್ದರೆ ಆ ಫೋಟೊ ಮಾಡಿ.